ಒಂದು ಸೈಟಿನಷ್ಟು ಜಾಗದ ಸಂಗೀತಕ್ಕಾಗಿ: ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಗೃಹ ಸಚಿವರು,
ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರು,
ಹಾಗೂ ಬೆಂಗಳೂರು ನಗರ ಪೊಲೀಸ್ ಆಯುಕ್ತರು.

ವಿಷಯ: ಸಣ್ಣ ಸಂಗೀತ ಕೋಣೆಗಳಿಗೆ ಪ್ರತ್ಯೇಕವಾದ, ಸರಳವಾದ ಪರವಾನಗಿ ಕೋರಿ.

ಮಾನ್ಯರೇ,

ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಕಳೆದ ತಿಂಗಳ ಒಂದು ಗುರುವಾರ ಸಂಜೆ, ನನ್ನ ತಂಗಿಯ ಮಗನ ಒತ್ತಾಯಕ್ಕೆ ಕಟ್ಟುಬಿದ್ದು ಇಂದಿರಾನಗರದ ಅಡ್ಡರಸ್ತೆಯೊಂದರಲ್ಲಿರುವ ಸಣ್ಣ ಕ್ಲಬ್ಬಿಗೆ ಹೋಗಿ, ನಾಲ್ಕು ರಾಕ್ ಬ್ಯಾಂಡ್‌ಗಳ ಕಾರ್ಯಕ್ರಮ ನೋಡಿ ಬಂದೆ. ಅವುಗಳಲ್ಲಿ ಮೂರು ಈ ಊರಿನವು, ಒಂದು ತುಮಕೂರಿನದು. ಅಂದು ಕಂಡದ್ದು, ಕೇಳಿದ್ದು, ಆಮೇಲೆ ಓದಿ ತಿಳಿದುಕೊಂಡದ್ದು ಎಲ್ಲ ಸೇರಿ ನನ್ನಿಂದ ಈ ಪತ್ರ ಬರೆಸುತ್ತಿವೆ.

ಮೊದಲಿಗೆ ನನ್ನ ಕಿವಿಯ ಬಗ್ಗೆ ಎರಡು ಮಾತು ಹೇಳಬೇಕು. ರಾಮನವಮಿ ಬಂತೆಂದರೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಚಪ್ಪರದಲ್ಲಿ ಅಪ್ಪನ ಪಕ್ಕ ಕುಳಿತು ಕಛೇರಿ ಕೇಳುತ್ತಾ ಬೆಳೆದವಳು ನಾನು. 1939ರಲ್ಲಿ ಆರಂಭವಾದ ರಾಮಸೇವಾ ಮಂಡಳಿಯ ಆ ಚಪ್ಪರ ನನ್ನಂಥ ಸಾವಿರಾರು ಜನರಿಗೆ ಸಂಗೀತದ ಮೊದಲ ಶಾಲೆ. ರಾಕ್ ಸಂಗೀತವೆಂದರೆ ಗದ್ದಲ ಎಂದೇ ನಾನು ಬಹಳ ಕಾಲ ನಂಬಿದ್ದೆ. ನನ್ನ ತಂಗಿಯ ಮಗ ಡ್ರಮ್ಸ್ ಕಲಿಯಲು ಶುರುಮಾಡಿದಾಗ, ಮನೆಯಲ್ಲಿ ಎಲ್ಲರಿಗಿಂತ ಮೊದಲು ಬೇಡವೆಂದವಳೂ ನಾನೇ. ಆದ್ದರಿಂದ ಈ ಸಂಗೀತದ ಹಳೆಯ ಅಭಿಮಾನಿಯೊಬ್ಬಳ ಮನವಿ ಎಂದು ಇದನ್ನು ಓದಬೇಡಿ. ಒಂದೇ ರಾತ್ರಿಯಲ್ಲಿ ಅಭಿಪ್ರಾಯ ಬದಲಿಸಿಕೊಂಡ ನಾಗರಿಕಳೊಬ್ಬಳ ಮಾತು ಎಂದು ಓದಿ.

ಆ ಕ್ಲಬ್ಬು ಎರಡನೆಯ ಮಹಡಿಯಲ್ಲಿದೆ. ಬೆಂಗಳೂರಿನವರಿಗೆ ಅರ್ಥವಾಗುವ ಲೆಕ್ಕದಲ್ಲಿ ಹೇಳುವುದಾದರೆ, ಇಡೀ ಕೋಣೆ ಒಂದು ಥರ್ಟಿ-ಫಾರ್ಟಿ, ಅಂದರೆ ಮೂವತ್ತು ಅಡಿಗೆ ನಲವತ್ತು ಅಡಿಯ, ಸೈಟಿನಷ್ಟಿದೆ. ಒಂದು ಗೋಡೆಗೆ ಒತ್ತಿಕೊಂಡು ಮೊಣಕಾಲೆತ್ತರದ ವೇದಿಕೆ, ಎದುರಿಗೆ ಹತ್ತಾರು ಕುರ್ಚಿ, ಹಿಂದೆ ನಿಲ್ಲುವ ಜಾಗ. ಬಂದಿದ್ದವರು ಎಪ್ಪತ್ತು ಮಂದಿ ಇರಬಹುದು. ಕುರ್ಚಿ ತೋರಿಸಿದ ಹುಡುಗ ಎರಡು ಪುಟ್ಟ ಸ್ಪಂಜಿನ ಬಿರಡೆಗಳನ್ನು ನನ್ನ ಅಂಗೈಗೆ ಹಾಕಿದ. ಏನೆಂದು ತಿಳಿಯದೆ ನೋಡುತ್ತಿದ್ದಾಗ ತಂಗಿಯ ಮಗ ಬಂದು, "ದೊಡ್ಡಮ್ಮ, ಇದನ್ನ ಹೀಗೆ ಹೊಸಕಿ ಸಣ್ಣ ಮಾಡಿ ಕಿವಿಗೆ ಹಾಕ್ಕೊಳ್ಳಿ, ಒಳಗೆ ಹೋಗಿ ತಾನೇ ಅರಳತ್ತೆ" ಎಂದು ತೋರಿಸಿಕೊಟ್ಟ. ಬಾಗಿಲಲ್ಲೇ ಎಲ್ಲರಿಗೂ ಅದನ್ನು ಬಿಟ್ಟಿಯಾಗಿ ಕೊಡುತ್ತಿದ್ದರು. ಇಂಥ ಸ್ಥಳಗಳಲ್ಲಿ ಶಬ್ದದ ಸರಾಸರಿ 100 ಡೆಸಿಬಲ್ ದಾಟಬಾರದು, ಕೇಳುಗರಿಗೆ ಕಿವಿರಕ್ಷಕ ಸಿಗುವಂತಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಾನದಂಡ ಪ್ರಕಟಿಸಿದೆಯೆಂದು ನನಗೆ ತಿಳಿದದ್ದು ಮನೆಗೆ ಬಂದು ಓದಿದ ಮೇಲೆ. ಯಾರ ಬಲವಂತವೂ ಇಲ್ಲದೆ ಆ ಕ್ಲಬ್ಬು ಅದನ್ನು ಪಾಲಿಸುತ್ತಿತ್ತು.

ಮೊದಲ ಬ್ಯಾಂಡಿನ ಮೂವರೂ ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಎರಡನೆಯ ಹಾಡಿನ ನಡುವೆ ಗಿಟಾರಿನ ತಂತಿ ಕಿತ್ತುಹೋಯಿತು. ಹುಡುಗನ ಮುಖ ಬಿಳಿಚಿಕೊಂಡದ್ದು ನಾನು ಕುಳಿತಲ್ಲಿಗೂ ಕಾಣಿಸಿತು. ಆಗ ಸರದಿಗಾಗಿ ಕೆಳಗೆ ಕಾಯುತ್ತಿದ್ದ ಮುಂದಿನ ಬ್ಯಾಂಡಿನವನೊಬ್ಬ ಒಂದು ಮಾತೂ ಆಡದೆ ತನ್ನ ಗಿಟಾರನ್ನು ಕೊರಳಿನಿಂದ ತೆಗೆದು ಮೇಲಕ್ಕೆ ಚಾಚಿದ. ಡ್ರಮ್ಸಿನವನೂ ಬೇಸ್ ನುಡಿಸುವವಳೂ ತಾಳ ಬಿಡದೆ ಹಾಡನ್ನು ಹಿಡಿದಿಟ್ಟುಕೊಂಡಿದ್ದರು. ಇವನು ಗಿಟಾರ್ ಹಾಕಿಕೊಂಡು, ಬಿಟ್ಟಲ್ಲಿಂದಲ್ಲ, ತಾಳ ಎಲ್ಲಿಗೆ ಬಂದಿತ್ತೋ ಅಲ್ಲಿಂದಲೇ ಸೇರಿಕೊಂಡ. ಪಿಟೀಲು ತಂತಿ ತುಂಡಾದಾಗ ಮೃದಂಗದವರು ಕಛೇರಿಯನ್ನು ಕಾಪಾಡಿದ್ದನ್ನು ನಾನು ಚಪ್ಪರದಲ್ಲಿ ನೋಡಿದ್ದೇನೆ. ಇದು ಅದೇ ವಿದ್ಯೆ. ಇದನ್ನು ಯಾವ ತರಗತಿಯಲ್ಲೂ ಕಲಿಸಲಾಗುವುದಿಲ್ಲ, ಮನೆಯ ಕೋಣೆಯಲ್ಲಿ ಒಬ್ಬನೇ ಕುಳಿತು ಅಭ್ಯಾಸ ಮಾಡಿದರೂ ಬರುವುದಿಲ್ಲ. ಎಪ್ಪತ್ತು ಜನರ ಎದುರಿಗೆ ತಂತಿ ಕಿತ್ತುಹೋದಾಗ ಮಾತ್ರ ಬರುತ್ತದೆ.

ಎರಡನೆಯದು ಮೆಟಲ್ ಬ್ಯಾಂಡು, ಅಂದರೆ ರಾಕ್ ಸಂಗೀತದಲ್ಲೇ ಹೆಚ್ಚು ಅಬ್ಬರದ ಬಗೆ. ಅದರ ಸಾಹಿತ್ಯ ನನಗೆ ಒಂದಕ್ಷರವೂ ತಿಳಿಯಲಿಲ್ಲ, ತಿಳಿಯಿತೆಂದು ಹೇಳುವುದೂ ಇಲ್ಲ. ಮೂರನೆಯದು ನಮ್ಮ ಹುಡುಗನ ಬ್ಯಾಂಡು. ಅವರು ಕನ್ನಡದಲ್ಲಿ ಹಾಡಿದರು. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗಾಗಿ ರಾತ್ರಿಯೆಲ್ಲ ಎದ್ದು ಕಾಯುವ ಮನೆಯೊಂದರ ಬಗ್ಗೆ ಅವರೇ ಕಟ್ಟಿದ ಹಾಡು ಅದು. "ನೀರು ಬಂತಾ ಅಂತ ಅಮ್ಮ ಕೇಳ್ತಾಳೆ, ನಿದ್ದೆ ಬಂತಾ ಅಂತ ಯಾರೂ ಕೇಳಲ್ಲ" ಎಂಬ ಸಾಲು ಎರಡನೆಯ ಬಾರಿ ಬಂದಾಗ ಹಿಂದೆ ನಿಂತಿದ್ದವರೆಲ್ಲ ದನಿಗೂಡಿಸಿದರು. ಅವರಲ್ಲಿ ಅರ್ಧದಷ್ಟು ಜನರ ಮನೆಮಾತು ಕನ್ನಡವಲ್ಲವೆಂದು ಅವರ ಮಾತುಕತೆಯಿಂದಲೇ ತಿಳಿಯುತ್ತಿತ್ತು. ಕನ್ನಡ ಕಲಿಸಲು ಜೀವಮಾನ ಕಳೆದ ನನಗೆ ಆ ಕ್ಷಣ ಏನನ್ನಿಸಿತೆಂಬುದನ್ನು ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ನಾಲ್ಕನೆಯವರು ತುಮಕೂರಿನಿಂದ ಡ್ರಮ್ಸಿನ ಲೋಹದ ತಟ್ಟೆಗಳಾದ ಸಿಂಬಲ್‌ಗಳನ್ನು ಬಸ್ಸಿನಲ್ಲಿ ಹೊತ್ತು ತಂದಿದ್ದರು. ಅವರಿಗೆ ಸಿಕ್ಕಿದ್ದು ಎರಡೇ ಹಾಡಿನ ಸಮಯ, ಏಕೆಂದರೆ ಹತ್ತು ಗಂಟೆಗೆ ಸರಿಯಾಗಿ ಧ್ವನಿವರ್ಧಕ ನಿಲ್ಲಬೇಕೆಂಬುದು ಅಲ್ಲಿನ ಕಟ್ಟುನಿಟ್ಟಿನ ಕ್ರಮ. ಹತ್ತಕ್ಕೆ ಎರಡು ನಿಮಿಷವಿದೆ ಎನ್ನುವಾಗ ಕೊನೆಯ ಹೊಡೆತ ಬಿತ್ತು. ಆಮೇಲೆ ಕ್ಲಬ್ಬಿನ ಮಾಲೀಕರು ಮೈಕಿನ ಮುಂದೆ ಬಂದು, ಮುಂದಿನ ತಿಂಗಳ ಕೊನೆಗೆ ತಮ್ಮಲ್ಲಿ ಬ್ಯಾಂಡ್‌ಗಳ ಕಾರ್ಯಕ್ರಮ ನಿಲ್ಲುತ್ತದೆ ಎಂದು ತಿಳಿಸಿದರು. ಪರವಾನಗಿಯ ಅವಧಿ ಮುಗಿಯುತ್ತಿದೆ, ನವೀಕರಣಕ್ಕೆ ಕಟ್ಟಡದ ಓಸಿ, ಅಂದರೆ ನಕ್ಷೆಯಂತೆ ಕಟ್ಟಿದೆ ಎಂಬ ಸ್ವಾಧೀನಾನುಭವ ಪತ್ರ, ಬೇಕು, ಆದರೆ ಕಟ್ಟಡದ ಒಡೆಯರು ನಕ್ಷೆಯಲ್ಲಿಲ್ಲದ ಒಂದು ಮಹಡಿಯನ್ನು ಮೇಲೆ ಎಬ್ಬಿಸಿರುವುದರಿಂದ ಅದು ಸಿಗುವಂತಿಲ್ಲ ಎಂದರು. ಅಲ್ಲಿಂದ ಮುಂದೆ ಇಲ್ಲಿ ಊಟ ಇರುತ್ತದೆ, ಬಿಯರ್ ಇರುತ್ತದೆ, ಇದೇ ಸ್ಪೀಕರಿನಲ್ಲಿ ಮೆಲ್ಲಗೆ ಹಾಡೂ ಇರುತ್ತದೆ, ನುಡಿಸುವವರು ಮಾತ್ರ ಇರುವುದಿಲ್ಲ ಎಂದರು. ಅವರ ಗಂಟಲು ಕಟ್ಟಿತ್ತು.

ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಕೊನೆಯ ಮಾತು. ಊಟ ಮಾಡುವವರಿಗೆ ಕ್ಷೇಮವೆನಿಸಿದ ಕೋಣೆಯಲ್ಲಿ ಗಿಟಾರ್ ಹಿಡಿದ ನಾಲ್ವರು ವೇದಿಕೆ ಹತ್ತಿದೊಡನೆ ಅಪಾಯ ಹುಟ್ಟುವುದು ಎಲ್ಲಿಂದ? ಇದಕ್ಕೆ ಉತ್ತರ ಹುಡುಕುತ್ತಾ ಹೋದಾಗ ಒಂದು ಹೆಸರಿನ ಗೊಂದಲ ಎದುರಾಯಿತು.

ಪೊಲೀಸ್ ಕಾಯ್ದೆಯ ಅಡಿಯಲ್ಲಿ 2005ರಲ್ಲಿ ಬೆಂಗಳೂರು ನಗರದ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಮತ್ತು ನಿಯಂತ್ರಣ ಆದೇಶ ಹೊರಟಿತು. ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊಥೆಕ್ ಇವುಗಳನ್ನು ನಡೆಸುವವರು ಪೊಲೀಸ್ ಆಯುಕ್ತರಿಂದ ಪರವಾನಗಿ ಪಡೆಯಬೇಕೆಂದು ಅದು ಹೇಳುತ್ತದೆ. ಹೋಟೆಲ್ ಮಾಲೀಕರು ಅದನ್ನು ಪ್ರಶ್ನಿಸಿದರು, ವ್ಯಾಜ್ಯ ವರ್ಷಗಟ್ಟಲೆ ನಡೆಯಿತು, ಕೊನೆಗೆ 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ನ್ಯಾಯಾಲಯದ ತೀರ್ಪಿನ ಬಗ್ಗೆ ನನ್ನ ತಕರಾರಿಲ್ಲ. ಜನ ಸೇರುವ ಜಾಗಕ್ಕೆ ಪರವಾನಗಿ ಬೇಕು ಎಂಬುದನ್ನು ಯಾರು ಅಲ್ಲಗಳೆಯುತ್ತಾರೆ? ಆದರೆ ಆ ವರ್ಷ ಈ ಊರಿನ ಎಷ್ಟೋ ಕಡೆ ವೇದಿಕೆಗಳು ಒಮ್ಮೆಲೇ ಮೌನವಾದವು ಎಂಬುದು ಸಂಗೀತಗಾರರೆಲ್ಲರಿಗೂ ನೆನಪಿದೆ.

ಈಗ ಹೆಸರಿನ ವಿಚಾರಕ್ಕೆ ಬರುತ್ತೇನೆ. ಕನ್ನಡ ಪತ್ರಿಕೆ ಓದುವವರಿಗೆ 'ಲೈವ್ ಬ್ಯಾಂಡ್' ಎಂದರೆ ಏನೆಂದು ಎಲ್ಲರಿಗೂ ಗೊತ್ತು. 'ಲೈವ್ ಬ್ಯಾಂಡ್ ಮೇಲೆ ದಾಳಿ, ಇಷ್ಟು ಮಂದಿ ಯುವತಿಯರ ರಕ್ಷಣೆ' ಎಂಬ ಶೀರ್ಷಿಕೆಯನ್ನು ನಾವು ಎಷ್ಟು ಬಾರಿ ಓದಿಲ್ಲ? ಗಿರಾಕಿಗಳ ಮುಂದೆ ಹೆಣ್ಣುಮಕ್ಕಳನ್ನು ನಿಲ್ಲಿಸಿ ಕುಣಿಸುವ ಬಾರ್‌ಗಳಿಗೆ ನಮ್ಮ ಊರಿನಲ್ಲಿ ಆ ಹೆಸರು ಅಂಟಿಕೊಂಡಿತು. ಅಲ್ಲಿ ದುಡಿಯುವ ಹೆಣ್ಣುಮಕ್ಕಳ ಬದುಕಿನ ಪ್ರಶ್ನೆ ಬೇರೆಯೇ, ಅದು ಇದಕ್ಕಿಂತ ದೊಡ್ಡದು, ಅವರನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಾನು ಹೇಳುವುದಿಷ್ಟೆ: ಆ ಬಾರ್‌ಗಳನ್ನು ಎದುರಿಗಿಟ್ಟುಕೊಂಡು ಹೆಣೆದ ನಿಯಮದ ಬಲೆಯಲ್ಲಿ, ಹೆಸರು ಒಂದೇ ಎಂಬ ಕಾರಣಕ್ಕೆ, ಟ್ಯಾಂಕರ್ ನೀರಿನ ಹಾಡು ಕಟ್ಟುವ ಹುಡುಗರೂ ಸಿಕ್ಕಿಬಿದ್ದಿದ್ದಾರೆ. ನನ್ನ ತಂಗಿ ತನ್ನ ಮಗ 'ಬ್ಯಾಂಡಿನಲ್ಲಿದ್ದಾನೆ' ಎಂದು ನೆಂಟರ ಮುಂದೆ ಹೇಳಲು ಎರಡು ವರ್ಷ ಹಿಂಜರಿದಳು. ಮನೆಯೊಳಗಿನ ಆ ಹಿಂಜರಿಕೆ ಮತ್ತು ಕಚೇರಿಯ ಕಡತದೊಳಗಿನ ಅನುಮಾನ ಎರಡೂ ಒಂದೇ ಪದದಿಂದ ಹುಟ್ಟಿವೆ.

ಪಾಶ್ಚಾತ್ಯ ವಾದ್ಯ ಈ ನಾಡಿಗೆ ಹೊರಗಿನದು ಎಂಬ ಮಾತನ್ನೂ ಕೇಳಿದ್ದೇನೆ. ಆಯುಕ್ತರು ಬಲ್ಲಂತೆ, ಮೈಸೂರು ಅರಮನೆಯ ಬ್ಯಾಂಡಿನ ಪರಂಪರೆಯನ್ನು ಇಂದಿಗೂ ಉಳಿಸಿಕೊಂಡು ಬಂದಿರುವುದು ನಮ್ಮ ಪೊಲೀಸ್ ಇಲಾಖೆಯೇ. ದಸರೆಯಲ್ಲಿ ಅರಮನೆಯ ಮುಂದೆ ಪೊಲೀಸರ ಕರ್ನಾಟಕ ವಾದ್ಯವೃಂದ ಮತ್ತು ಇಂಗ್ಲಿಷ್ ಬ್ಯಾಂಡ್ ನುಡಿಸುವುದನ್ನು ಕೇಳಲು ಜನ ಕಿಕ್ಕಿರಿದು ಸೇರುತ್ತಾರೆ. ಬಂಟ್ವಾಳ ತಾಲ್ಲೂಕಿನ ನಾಗಸ್ವರ ವಾದಕರೊಬ್ಬರ ಮಗ ಹುಡುಗನಾಗಿದ್ದಾಗ ಅದೇ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನುಡಿಸುವುದನ್ನು ಕೇಳಿ ಮರುಳಾದ. ಆ ಹುಡುಗನೇ ಮುಂದೆ ಕದ್ರಿ ಗೋಪಾಲನಾಥ್ ಆಗಿ, ಕರ್ನಾಟಕ ಸಂಗೀತವನ್ನು ಆ ಹಿತ್ತಾಳೆಯ ಕೊಳವೆಯೊಳಗೆ ಇಳಿಸಿ ಜಗತ್ತಿಗೆ ಕೇಳಿಸಿದ್ದು. ಅವರು ಆ ವಾದ್ಯವನ್ನು ಮೊದಲು ಕೇಳಿದ್ದು ಎದುರೆದುರಾಗಿ. ಪಿಟೀಲು ನಮ್ಮದಾದ ಕತೆಯೂ ಇದಕ್ಕಿಂತ ಬೇರೆಯಲ್ಲ. ಗಿಟಾರ್ ಕೂಡ ನಮ್ಮದಾಗುತ್ತಿದೆ. ಮೈಸೂರಿನ ರಘು ದೀಕ್ಷಿತರೂ ಸ್ವರಾತ್ಮ ತಂಡವೂ ಜನಪದ ಮತ್ತು ರಾಕ್ ಬೆರೆಸಿ ದೇಶ ವಿದೇಶಗಳಲ್ಲಿ ಹಾಡಿ ಬಂದಿದ್ದಾರೆ. ಶಿಶುನಾಳ ಷರೀಫರ ತತ್ವಪದವನ್ನು ಗಿಟಾರಿನೊಡನೆ ಮೊದಲ ಬಾರಿಗೆ ಕೇಳಿ, ಆಮೇಲೆ ಷರೀಫರನ್ನು ಓದಲು ಗ್ರಂಥಾಲಯಕ್ಕೆ ಬಂದ ವಿದ್ಯಾರ್ಥಿಗಳನ್ನು ನಾನು ನನ್ನ ಶಾಲೆಯಲ್ಲೇ ಕಂಡಿದ್ದೇನೆ.

ಬೆಂಗಳೂರನ್ನು ಭಾರತದ ರಾಕ್ ರಾಜಧಾನಿ ಎಂದು ಕರೆಯುವುದುಂಟು. ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಎಂಬ ವಿದೇಶಿ ಬ್ಯಾಂಡುಗಳು ನುಡಿಸಿದಾಗ ಬೇರೆ ರಾಜ್ಯಗಳಿಂದ ರೈಲು ತುಂಬಿ ಜನ ಬಂದರು. ಆದರೆ ಆ ಖ್ಯಾತಿ ಮೈದಾನದಲ್ಲಿ ಹುಟ್ಟಿದ್ದಲ್ಲ. 1996ರಲ್ಲಿ ಕಾಲೇಜಿನ ಹುಡುಗರಿಂದ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್ ಬ್ಯಾಂಡು, 1998ರಲ್ಲಿ ಹುಟ್ಟಿ 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದ ವೇದಿಕೆ ಹತ್ತಿದ ಮೆಟಲ್ ಬ್ಯಾಂಡು ಕ್ರಿಪ್ಟಾಸ್, ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ 1996ರಿಂದ ನಡೆದುಕೊಂಡು ಬಂದ ಫ್ರೀಡಂ ಜಾಮ್ ಎಂಬ ಸಂಗೀತ ಉತ್ಸವ ಇವೆಲ್ಲ ಈ ಊರಿನ ಕಾಲೇಜು ಅಂಗಳಗಳಲ್ಲಿ, ಸಣ್ಣ ಕೋಣೆಗಳಲ್ಲಿ, ನೂರು ಇನ್ನೂರು ಕೇಳುಗರ ಮುಂದೆ ಬೇರು ಬಿಟ್ಟವು. ಅಂಥ ಕೋಣೆಗಳು ಒಂದೊಂದಾಗಿ ಕಣ್ಮರೆಯಾಗುತ್ತಿವೆ. ಇಂದಿರಾನಗರದ ಹಮ್ಮಿಂಗ್ ಟ್ರೀ ಎಂಬ ಸಂಗೀತ ಕ್ಲಬ್ಬು 2019ರಲ್ಲಿ ಮುಚ್ಚಿದ್ದನ್ನು ನಮ್ಮ ಹುಡುಗ ಇಂದಿಗೂ ಮನೆಯವರೊಬ್ಬರು ತೀರಿಹೋದಂತೆ ಹೇಳುತ್ತಾನೆ.

ಇನ್ನು ನೆರೆಹೊರೆಯವರ ಸಂಕಟ. ಇದನ್ನು ನಾನು ಬಹಳ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ, ಏಕೆಂದರೆ ನನ್ನ ಮನೆಯ ಹಿಂದೆಯೇ ಒಂದು ಕಲ್ಯಾಣಮಂಟಪವಿದೆ. ಮದುವೆಯ ತಿಂಗಳುಗಳಲ್ಲಿ ನಿದ್ದೆಗೆಡುವುದು ಏನೆಂದು ನನಗೆ ಗೊತ್ತು. ಪಬ್‌ಗಳ ಶಬ್ದ ತಾಳಲಾರದೆ ಇಂದಿರಾನಗರದ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ನ್ಯಾಯವಾಗಿಯೇ ಇದೆ. ಹಾಸಿಗೆ ಹಿಡಿದ ವೃದ್ಧರಿಗೆ, ಬೆಳಿಗ್ಗೆ ಪರೀಕ್ಷೆ ಇರುವ ಮಗುವಿಗೆ 'ಇದು ಕಲೆ, ಸಹಿಸಿಕೊಳ್ಳಿ' ಎಂದು ಹೇಳುವ ಹಕ್ಕು ಯಾವ ಸಂಗೀತಗಾರನಿಗೂ ಇಲ್ಲ.

ಆದರೆ ಅದಕ್ಕೆ ಕಾನೂನು ಈಗಾಗಲೇ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್, ವಾಣಿಜ್ಯ ಪ್ರದೇಶದಲ್ಲಿ ಹಗಲು 65, ರಾತ್ರಿ 55 ಡೆಸಿಬಲ್ ಮಿತಿ. ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಖಾಸಗಿ ಜಾಗದಿಂದ ಹೊರಡುವ ಶಬ್ದ ಅದರ ಎಲ್ಲೆಯಲ್ಲಿ ಅಳೆದಾಗ ಈ ಮಿತಿಯನ್ನು 5 ಡೆಸಿಬಲ್‌ಗಿಂತ ಹೆಚ್ಚು ಮೀರಬಾರದು. ಈ ನಿಯಮ ಶಬ್ದವನ್ನು ಕೇಳುತ್ತದೆಯೇ ಹೊರತು ಅದನ್ನು ಮಾಡಿದವರು ಯಾರೆಂದು ಕೇಳುವುದಿಲ್ಲ. ಧ್ವನಿಮುದ್ರಿತ ಹಾಡಾಗಲಿ, ಮದುವೆಯ ಡಿಜೆಯಾಗಲಿ, ಬ್ಯಾಂಡಾಗಲಿ ಅದಕ್ಕೆ ಒಂದೇ. ಸಂಗೀತದ ಕೋಣೆಗಳಿಗೂ ಇದೇ ಅಳತೆಗೋಲು ಆಗಬೇಕೆಂಬುದು ನನ್ನ ಮನವಿಯ ತಿರುಳು.

ಒಂದು ತೊಡಕನ್ನು ಮಾತ್ರ ಇಲ್ಲಿ ಹೇಳಲೇಬೇಕು. ನಿಯಮದಲ್ಲಿರುವ ಡೆಸಿಬಲ್ ಅಳತೆ ಮನುಷ್ಯನ ಕಿವಿಯ ಸ್ವಭಾವಕ್ಕೆ ಹೊಂದುವಂತೆ ಮಾಡಿದ್ದು, ಅದು ತಗ್ಗಿನ ದನಿಗಳನ್ನು ಕಡಿಮೆ ಮಾಡಿ ಎಣಿಸುತ್ತದೆ. ಗೋಡೆಯನ್ನು ದಾಟಿ ಪಕ್ಕದ ಮನೆಗೆ ನುಗ್ಗುವುದು ಹೆಚ್ಚಾಗಿ ಆ ತಗ್ಗಿನ ದನಿಯೇ. ಬೇಸ್ ಗಿಟಾರ್ ಮತ್ತು ದೊಡ್ಡ ಡ್ರಮ್ಮಿನ ಆ 'ದಿಮ್ ದಿಮ್' ಎದೆಗೆ ಬಡಿಯುತ್ತಿದ್ದರೂ ಮೀಟರು ಎಲ್ಲ ಸರಿಯಿದೆ ಎನ್ನಬಹುದು. ದೂರು ಕೊಟ್ಟವರು ಸುಳ್ಳು ಹೇಳುತ್ತಿದ್ದಾರೆಂದು ಆಗ ಅನ್ನಿಸುತ್ತದೆ. ಆದ್ದರಿಂದ ತಗ್ಗಿನ ದನಿಯನ್ನೂ ಹಿಡಿಯುವ ಅಳತೆಯಲ್ಲಿ, ದೂರು ಕೊಟ್ಟವರ ಕಿಟಕಿಯ ಬಳಿಯೇ ನಿಂತು ಅಳೆಯುವ ಏರ್ಪಾಡು ಬೇಕು.

ಅಂದು ನಾನು ನೋಡಿದ ಕ್ಲಬ್ಬಿನಲ್ಲಿ ಮಾಲೀಕರು ತಮ್ಮ ಮೊಬೈಲ್ ಸಂಖ್ಯೆಯನ್ನು ಹಿಂದಿನ ಬೀದಿಯ ಪ್ರತಿ ಮನೆಗೂ ಚೀಟಿಯಲ್ಲಿ ಬರೆದು ಕೊಟ್ಟಿದ್ದರು. ಒಂಬತ್ತೂವರೆಯ ಹೊತ್ತಿಗೆ ಫೋನ್ ಬಂತು. ಅವರು "ಆಯ್ತು ಯಜಮಾನ್ರೇ, ಈಗಲೇ ಮಾಡಿಸ್ತೀನಿ" ಎಂದವರೇ ವೇದಿಕೆಯ ಕಡೆ ಕೈ ಸನ್ನೆ ಮಾಡಿದರು. ಹಾಡು ಮುಗಿದ ಕೂಡಲೇ ಸೌಂಡ್ ನೋಡಿಕೊಳ್ಳುವ ಹುಡುಗಿ ದೊಡ್ಡ ಡ್ರಮ್ಮಿನೊಳಗೆ ಮಡಿಸಿಟ್ಟಿದ್ದ ಹಳೆಯ ಜಮಖಾನದ ಮೇಲೆ ಇನ್ನೊಂದು ದಿಂಬು ತುರುಕಿ, ಬೇಸ್ ಸ್ಪೀಕರನ್ನು ನೆಲದಿಂದ ಎತ್ತಿ ರಬ್ಬರ್ ತುಂಡುಗಳ ಮೇಲೆ ಕೂರಿಸಿದಳು. ಐದು ನಿಮಿಷದ ನಂತರ ಮಾಲೀಕರೇ ಮರಳಿ ಫೋನ್ ಮಾಡಿ ಕೇಳಿ, ಸರಿಹೋಯಿತೆಂದು ತಿಳಿದ ಮೇಲೆ ಮುಂದಿನ ಹಾಡಿಗೆ ಒಪ್ಪಿಗೆ ಕೊಟ್ಟರು. ನನ್ನ ಮನೆಯ ಹಿಂದಿನ ಕಲ್ಯಾಣಮಂಟಪದವರು ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಹೀಗೆ ಕೇಳಿದ್ದಿಲ್ಲ.

ಸುರಕ್ಷತೆಯ ವಿಷಯದಲ್ಲಿ ನಾನು ಇಲಾಖೆಗಿಂತಲೂ ಕಟ್ಟುನಿಟ್ಟು. ಮುಂಬಯಿಯ ಕಮಲಾ ಮಿಲ್ಸ್ ಆವರಣದ ಪಬ್ಬುಗಳಲ್ಲಿ 2017ರ ಡಿಸೆಂಬರಿನಲ್ಲಿ ಹೊತ್ತಿಕೊಂಡ ಬೆಂಕಿಗೆ 14 ಜನ ಬಲಿಯಾದರು. ಅಮೆರಿಕದ ರೋಡ್ ಐಲೆಂಡ್‌ನಲ್ಲಿ 2003ರ ಫೆಬ್ರುವರಿಯಲ್ಲಿ ಇಂಥದೇ ಒಂದು ಸಣ್ಣ ರಾಕ್ ಕ್ಲಬ್ಬಿನಲ್ಲಿ, ವೇದಿಕೆಯ ಮೇಲೆ ಹಚ್ಚಿದ ಬಾಣಬಿರುಸಿನ ಕಿಡಿ ಶಬ್ದ ತಡೆಯಲೆಂದು ಗೋಡೆಗೆ ಅಂಟಿಸಿದ್ದ ಫೋಮಿಗೆ ತಗುಲಿ 100 ಜನ ಸತ್ತರು. 2015ರಲ್ಲಿ ರುಮೇನಿಯದ ಬುಕಾರೆಸ್ಟ್‌ನ ಕ್ಲಬ್ಬಿನಲ್ಲಿ ಅದೇ ಕಾರಣಕ್ಕೆ 64 ಜನ ಪ್ರಾಣ ಕಳೆದುಕೊಂಡರು. ಮೊಟ್ಟೆಯ ಟ್ರೇಯಂತೆ ಕಾಣುವ ಆ ಫೋಮು ಕೋಣೆಯೊಳಗಿನ ಪ್ರತಿಧ್ವನಿಯನ್ನು ಕಡಿಮೆ ಮಾಡುತ್ತದೆಯೇ ಹೊರತು ಶಬ್ದ ಹೊರಗೆ ಹೋಗುವುದನ್ನು ತಡೆಯುವುದಿಲ್ಲ, ಜೊತೆಗೆ ಬೆಂಕಿಗೆ ಕರ್ಪೂರದಂತೆ. ಶಬ್ದ ತಡೆಯಲು ಬೇಕಾದದ್ದು ಭಾರವಾದ ಎರಡು ಪದರದ ಗೋಡೆ, ನಡುವೆ ಬೆಂಕಿ ಹಿಡಿಯದ ಕಲ್ಲಿನ ಉಣ್ಣೆ, ಒಂದರ ಹಿಂದೆ ಒಂದು ಎರಡು ಬಾಗಿಲು. ಪರವಾನಗಿಯ ಷರತ್ತಿನಲ್ಲಿ ಇದು ಇರಬೇಕು. ಎರಡು ಕಡೆಯಿಂದ ಹೊರಬರುವ ದಾರಿ ಇರಬೇಕು. ಒಳಗೆ ಎಷ್ಟು ಜನ ಇರಬಹುದೆಂಬ ಸಂಖ್ಯೆ ಬಾಗಿಲ ಮೇಲೆ ದೊಡ್ಡದಾಗಿ ಬರೆದಿರಬೇಕು. ಇವಿಲ್ಲದ ಕೋಣೆಯನ್ನು ನಾಳೆಯೇ ಮುಚ್ಚಿಸಿ, ನಾನು ಒಂದು ಮಾತೂ ಆಡುವುದಿಲ್ಲ. ಆದರೆ ಇವೆಲ್ಲವೂ ಆ ಕೋಣೆಯಲ್ಲಿ ಊಟ ಮಾಡುವವರಿಗೂ ಅಷ್ಟೇ ಬೇಕಾದವು.

ಓಸಿ ಇಲ್ಲದ ಕಟ್ಟಡಗಳು ಬೆಂಗಳೂರಿನಲ್ಲಿ ಎಷ್ಟಿವೆಯೆಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಅಂಥ ಕಟ್ಟಡಗಳಲ್ಲಿ ಬ್ಯಾಂಕು, ಕ್ಲಿನಿಕ್ಕು, ಕೋಚಿಂಗ್ ಸೆಂಟರು ಎಲ್ಲವೂ ನಡೆಯುತ್ತಿವೆ. ಕಟ್ಟಡದ ಒಡೆಯರ ತಪ್ಪಿಗೆ ಒಡೆಯರನ್ನು ಹಿಡಿಯಿರಿ. ಬಾಡಿಗೆಗಿರುವ ಕ್ಲಬ್ಬಿನವರು ತಾವು ಕಟ್ಟದ ಮಹಡಿಯ ದಾಖಲೆಯನ್ನು ಎಲ್ಲಿಂದ ತಂದಾರು? ಅಗ್ನಿಶಾಮಕ ಇಲಾಖೆಯವರೂ ಪಾಲಿಕೆಯ ಎಂಜಿನಿಯರೂ ಆ ಕೋಣೆಯನ್ನೇ ಖುದ್ದಾಗಿ ಪರೀಕ್ಷಿಸಿ, ರಚನೆ ಗಟ್ಟಿಯಾಗಿದೆ, ದಾರಿಗಳು ಸರಿಯಾಗಿವೆ ಎಂದು ಬರೆದುಕೊಟ್ಟರೆ, ನೂರೈವತ್ತು ಜನರೊಳಗಿನ ಕೋಣೆಗಳ ಮಟ್ಟಿಗಾದರೂ ಅದನ್ನು ಸಾಕೆಂದು ಒಪ್ಪಬಹುದೇ ಎಂದು ಪರಿಶೀಲಿಸಬೇಕು. ಕುಣಿತದ ಬಾರ್‌ಗಳಿಂದ ಬೇರೆಯಾದ ಒಂದು ವರ್ಗವನ್ನು ಈ ಕೋಣೆಗಳಿಗಾಗಿ ಮಾಡಿ, ಅದಕ್ಕೆ 'ಲೈವ್ ಬ್ಯಾಂಡ್' ಎಂಬ ಹೆಸರು ಬೇಡ, 'ಸಂಗೀತ ಕೋಣೆ' ಎಂದೋ ಮತ್ತೊಂದೋ ಕನ್ನಡದ ಹೆಸರಿಡಿ.

ಇಂಥ ದಾರಿ ಕಂಡುಕೊಂಡ ಊರುಗಳಿವೆ. ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ 2010ರ ಜನವರಿಯಲ್ಲಿ ಟೋಟ್ ಎಂಬ ಹಳೆಯ ಸಂಗೀತ ಪಬ್ ಪರವಾನಗಿಯ ಷರತ್ತುಗಳ ಭಾರಕ್ಕೆ ಮುಚ್ಚಿದಾಗ, ಮುಂದಿನ ತಿಂಗಳೇ ಸಾವಿರಾರು ಜನ ಬೀದಿಗಿಳಿದು ಮೆರವಣಿಗೆ ಮಾಡಿದರು. ಟೋಟ್ ಅದೇ ವರ್ಷ ಮತ್ತೆ ತೆರೆಯಿತು. 2014ರಲ್ಲಿ ಅಲ್ಲಿನ ವಿಕ್ಟೋರಿಯಾ ರಾಜ್ಯ ಸರ್ಕಾರ ಯೋಜನಾ ನಿಯಮವನ್ನೇ ತಿದ್ದಿತು: ಸಂಗೀತದ ಜಾಗದ ಪಕ್ಕ ಹೊಸದಾಗಿ ಮನೆ ಕಟ್ಟುವವರು ಶಬ್ದ ತಡೆಯುವ ಖರ್ಚನ್ನು ತಾವೇ ಭರಿಸಬೇಕು, ಮನೆಗಳ ನಡುವೆ ಹೊಸದಾಗಿ ಸಂಗೀತದ ಜಾಗ ತೆರೆಯುವವರು ಆ ಖರ್ಚನ್ನು ತಾವು ಹೊರಬೇಕು. ಯಾರು ಆಮೇಲೆ ಬಂದರೋ ಅವರದು ಹೊಣೆ. ಇಂಗ್ಲೆಂಡ್ 2018ರಲ್ಲಿ ಇದೇ ತತ್ವವನ್ನು ತನ್ನ ಯೋಜನಾ ನೀತಿಯಲ್ಲಿ ಸೇರಿಸಿತು. ನಮ್ಮ ಹಳ್ಳಿಗಳಲ್ಲಿ ಬೇಲಿಯ ಜಗಳ ಬಗೆಹರಿಸುವ ಹಿರಿಯರು ಹೇಳುವ ನ್ಯಾಯವೂ ಇದೇ ಅಲ್ಲವೇ?

ಕನ್ನಡ ಮತ್ತು ಸಂಸ್ಕೃತಿ ಸಚಿವರಲ್ಲಿ ಒಂದು ಪ್ರತ್ಯೇಕ ಕೋರಿಕೆಯಿದೆ. ಈ ಮಕ್ಕಳು ಬಿಯರ್ ಮಾರುವ ಜಾಗಕ್ಕೆ ಹೋಗಿ ನುಡಿಸಬೇಕಾಗಿರುವುದು ಅವರ ಆಯ್ಕೆಯಲ್ಲ. ಆ ಸಂಜೆಯ ಟಿಕೆಟ್ಟಿಗೆ 300 ರೂಪಾಯಿ. ಬಾಗಿಲ ಹಣದಲ್ಲಿ ತಮ್ಮ ಪಾಲಿಗೆ ಬಂದದ್ದನ್ನು ನಮ್ಮ ಹುಡುಗನ ಬ್ಯಾಂಡಿನ ಐವರು ಮೆಟ್ಟಿಲ ಮೇಲೆ ಕುಳಿತು ಎಣಿಸಿ, ಡ್ರಮ್ಸ್ ಸಾಗಿಸಿದ ಗಾಡಿಯ ಬಾಡಿಗೆಯನ್ನೂ ಆ ವಾರ ಅಭ್ಯಾಸ ಮಾಡಿದ ಬಾಡಿಗೆ ಕೋಣೆಯ, ಅಂದರೆ ಜಾಮ್ ರೂಮಿನ, ಗಂಟೆ ಲೆಕ್ಕದ ಹಣವನ್ನೂ ಕಳೆದಾಗ, ಉಳಿದದ್ದು ತಲೆಗೆ ಒಂದು ಮಸಾಲೆದೋಸೆ, ಕಾಫಿಗೆ ಸಾಕಾಗುವಷ್ಟು. ಮಾಲೀಕರಿಗೂ ಬ್ಯಾಂಡಿನಿಂದ ಲಾಭವಿಲ್ಲ, ಬಾಡಿಗೆ ಹುಟ್ಟುವುದು ಬಾರಿನ ಕೌಂಟರಿನಿಂದ. ರವೀಂದ್ರ ಕಲಾಕ್ಷೇತ್ರದ ಹಿಂದಿನ ಸಂಸ ಬಯಲು ರಂಗಮಂದಿರವಿದೆ, ಬ್ಯಾಂಡಿಗಾಗಿಯೇ ಕಟ್ಟಿದ ಕಬ್ಬನ್ ಉದ್ಯಾನದ ಬ್ಯಾಂಡ್‌ಸ್ಟ್ಯಾಂಡ್ ಇದೆ, ಜಿಲ್ಲೆಗಳಲ್ಲಿ ರಂಗಮಂದಿರಗಳಿವೆ. ತಿಂಗಳಿಗೊಂದು ಭಾನುವಾರದ ಸಂಜೆ, ಎಂಟು ಗಂಟೆಯೊಳಗೆ ಮುಗಿಯುವಂತೆ, ಈ ಜಾಗಗಳನ್ನು ಹೊಸ ಬ್ಯಾಂಡ್‌ಗಳಿಗೆ ಕಡಿಮೆ ಬಾಡಿಗೆಗೆ ಬಿಟ್ಟುಕೊಡಿ. ಆಗ ನನ್ನ ಹಳೆಯ ವಿದ್ಯಾರ್ಥಿಗಳ ತಂದೆತಾಯಂದಿರು ಸಂಕೋಚವಿಲ್ಲದೆ ಬಂದು ತಮ್ಮ ಮಕ್ಕಳನ್ನು ಕೇಳಬಹುದು. ಆ ರಾತ್ರಿಯ ಎಪ್ಪತ್ತು ಜನರಲ್ಲಿ ನುಡಿಸುವವರ ಮನೆಯಿಂದ ಬಂದಿದ್ದ ಹಿರಿಯಳು ನಾನೊಬ್ಬಳೇ.

ಕೊನೆಯದಾಗಿ ಒಂದು ಆಹ್ವಾನ. ಆ ಕ್ಲಬ್ಬಿನಲ್ಲಿ ಉಳಿದಿರುವುದು ಒಂದೇ ಗುರುವಾರ, ಈ ತಿಂಗಳ ಕೊನೆಯದು. ಅಂದು ತುಮಕೂರಿನವರನ್ನು ಮೊದಲು ಹಾಡಿಸುತ್ತಾರಂತೆ, ಕಳೆದ ಸಲ ಕೈತಪ್ಪಿದ ಹಾಡುಗಳನ್ನು ಪೂರ್ತಿ ಮಾಡಲಿ ಎಂದು. ಕಾರ್ಯಕ್ರಮ ಏಳಕ್ಕೆ ಶುರುವಾಗಿ ಹತ್ತಕ್ಕೆ ಮುಗಿಯುತ್ತದೆ. ತಾವು ಮೂವರೂ, ಸಾಧ್ಯವಾಗದಿದ್ದರೆ ತಮ್ಮ ಪರವಾಗಿ ಅಧಿಕಾರಿಯೊಬ್ಬರು, ಡೆಸಿಬಲ್ ಮೀಟರನ್ನೂ ಜೊತೆಗೆ ತೆಗೆದುಕೊಂಡು ಬರಬೇಕೆಂದು ಪ್ರಾರ್ಥಿಸುತ್ತೇನೆ. ಒಂದು ಹಾಡನ್ನು ಒಳಗೆ ಕುಳಿತು ಕೇಳಿ, ಇನ್ನೊಂದನ್ನು ಹಿಂದಿನ ಬೀದಿಯ ಆ ಯಜಮಾನರ ಕಿಟಕಿಯ ಬಳಿ ನಿಂತು ಕೇಳಿ. ಅವರ ಮನೆಗೆ ನಾನೇ ಹೋಗಿ ಮಾತಾಡಿ ಬಂದಿದ್ದೇನೆ. ಬಂದವರಿಗೆ ಕಾಫಿ ಕೊಡುತ್ತೇವೆ ಎಂದಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕನ್ನಡ ಅಧ್ಯಾಪಕಿ
ಬಸವನಗುಡಿ, ಬೆಂಗಳೂರು